ಹಾಡಿಲ್ಲದಾಗಲೂ ಓಲಾಡುವ ವೂಫರ್

ರೆಕಾರ್ಡಿನ ಮೇಲೆ ಸೂಜಿ ಇಳಿಯಿತೋ ಇಲ್ಲವೋ, ಹಾಡು ಶುರುವಾಗುವ ಮೊದಲಿನ ಖಾಲಿ ಗೀರಿನಲ್ಲೇ ಎರಡೂ ಸ್ಪೀಕರ್‌ಗಳ ವೂಫರ್ ಕೋನ್‌ಗಳು (ಮಂದ್ರಸ್ವರ ನುಡಿಸುವ ದೊಡ್ಡ ಶಂಕುಗಳು) ಹಿಂದಕ್ಕೂ ಮುಂದಕ್ಕೂ ಓಲಾಡತೊಡಗುತ್ತಿದ್ದವು. ಕಿವಿಗೆ ಏನೂ ಕೇಳಿಸುತ್ತಿರಲಿಲ್ಲ. ಮುಂಭಾಗದ ಜಾಲರಿ ತೆಗೆದು ನೋಡಿದರೆ ಮಾತ್ರ ಗೊತ್ತಾಗುತ್ತಿತ್ತು. ಧ್ವನಿ ಏರಿಸಿದಷ್ಟೂ ಓಲಾಟ ಏರುತ್ತಿತ್ತು. ದಿನನಿತ್ಯ ಕೇಳುವ ಮಟ್ಟದಲ್ಲೇ ಕೋನ್ ಸುಮಾರು ಅರ್ಧ ಸೆಂಟಿಮೀಟರ್ ಸರಿದಾಡುತ್ತಿತ್ತು, ಆ ಹೊತ್ತಿಗೆ ಬರುವ ಮಂದ್ರಸ್ವರಗಳು ಮಸುಕಾಗುತ್ತಿದ್ದವು. ಅದೇ ಆಂಪ್ಲಿಫೈಯರಿಗೆ ಮೊಬೈಲ್ ಜೋಡಿಸಿ ಅದೇ ಹಾಡು ಹಾಕಿದರೆ ಈ ತೊಂದರೆಯ ಸುಳಿವೂ ಇರಲಿಲ್ಲ.

ಸಾಮಗ್ರಿಯ ವಿವರ ಮೊದಲೇ ಹೇಳಿಬಿಡುತ್ತೇನೆ, ಮುಂದಿನ ಲೆಕ್ಕಗಳಿಗೆ ಅದು ಬೇಕಾಗುತ್ತದೆ. ಬೆಲ್ಟ್‌ನಿಂದ ತಿರುಗುವ ಹಳೆಯ ಟರ್ನ್‌ಟೇಬಲ್. ಸೂಜಿಯನ್ನು ಹೊರುವ, ಎಸ್ ಆಕಾರದ, ಸ್ವಲ್ಪ ಭಾರವಾದ ತೋಳು, ಅಂದರೆ ಟೋನ್‌ಆರ್ಮ್. ಅದರ ತುದಿಯಲ್ಲಿ ಕಾರ್ಟ್ರಿಜ್ ಹಿಡಿಯುವ, ಬಿಚ್ಚಿ ಹಾಕಬಹುದಾದ ಹೆಡ್‌ಶೆಲ್. ತುಂಬ ಮೃದುವಾದ ತೂಗಿನ (ಸೂಜಿ ಸುಲಭವಾಗಿ ಬಳುಕುವ) ಮೂವಿಂಗ್ ಮ್ಯಾಗ್ನೆಟ್ ಕಾರ್ಟ್ರಿಜ್, ಅಂದರೆ ಸೂಜಿಯ ಚಲನೆಯನ್ನು ವಿದ್ಯುತ್ ಸಂಕೇತವಾಗಿಸುವ ಭಾಗ. ಆ ಸಣ್ಣ ಸಂಕೇತವನ್ನು ಹಿಗ್ಗಿಸುವ ಪ್ರತ್ಯೇಕ ಫೋನೋ ಪ್ರಿಆಂಪ್. ಎಡ ಬಲ ಚಾನೆಲ್‌ಗಳನ್ನು ಒಂದಾಗಿಸುವ ಮೋನೋ ಸ್ವಿಚ್ ಇರುವ ಆಂಪ್ಲಿಫೈಯರ್. ಆರೂವರೆ ಇಂಚಿನ ವೂಫರ್ ಇರುವ, ಹಿಂಬದಿಯಲ್ಲಿ ಗಾಳಿಕೊಳವೆ ಇರುವ ಎರಡು ಸ್ಪೀಕರ್‌ಗಳು. ಟರ್ನ್‌ಟೇಬಲ್ ಮತ್ತು ಸ್ಪೀಕರ್‌ಗಳು ಒಂದೇ ಮರದ ಕಪಾಟಿನ ಮೇಲೆ ಕುಳಿತಿದ್ದವು.

ಈ ತೊಂದರೆಗೆ ಎಲ್ಲರೂ ಮೊದಲು ಹೇಳುವ ಮದ್ದು ಒಂದೇ: ಸಬ್‌ಸಾನಿಕ್ ಫಿಲ್ಟರ್ (ಕಿವಿಗೆ ಕೇಳಿಸದಷ್ಟು ಕೆಳಗಿನ ಆವೃತ್ತಿಗಳನ್ನು ತಡೆಯುವ ಮಂಡಲ) ಹಾಕಿ. ನಾನೂ ಕೊನೆಗೆ ಅದನ್ನು ಕಟ್ಟಿದೆ, ಅದರ ವಿವರ ಕೆಳಗಿದೆ. ಆದರೆ ಅದು ಕೊನೆಯ ಹೆಜ್ಜೆಯಾಗಿರಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಫಿಲ್ಟರ್ ಕೆಲಸ ಮಾಡುವುದು ತಂತಿಯಲ್ಲಿ ಹರಿಯುವ ಸಂಕೇತದ ಮೇಲೆ. ಗೀರಿನೊಳಗೆ ಸೂಜಿ ಪಡುವ ಪಾಡನ್ನು ಅದು ಮುಟ್ಟುವುದೇ ಇಲ್ಲ. ಆರ್ಮ್ ಕುಣಿಯುತ್ತಿದ್ದರೆ ಸೂಜಿಯ ಒತ್ತಡ ಕ್ಷಣಕ್ಷಣಕ್ಕೂ ಹೆಚ್ಚು ಕಡಿಮೆಯಾಗುತ್ತದೆ. ಸೂಜಿ ಗೀರಿನಲ್ಲಿ ಹಿಂದೆ ಮುಂದೆ ಜಾರುವುದರಿಂದ ಸ್ವರವೂ ನಡುಗುತ್ತದೆ. ಫಿಲ್ಟರ್ ಹಾಕಿದರೆ ಕೋನ್ ಸುಮ್ಮನಾದೀತು, ಈ ಎರಡು ದೋಷಗಳು ಮಾತ್ರ ಹಾಡಿನೊಳಗೆ ಹಾಗೆಯೇ ಉಳಿಯುತ್ತವೆ.

ಹಾಗೆಂದು ಕೇಳಿಸದ ಓಲಾಟವನ್ನು ಕಡೆಗಣಿಸುವುದೂ ಸರಿಯಲ್ಲ. ಕೇಳಿಸದ ಕಂಪನಕ್ಕೂ ಆಂಪ್ಲಿಫೈಯರ್ ಶಕ್ತಿ ಸುರಿಯುತ್ತದೆ, ಹಾಡಿಗೆ ಉಳಿಯುವ ಪಾಲು ಕಡಿಮೆಯಾಗುತ್ತದೆ. ಕೋನನ್ನು ನಡೆಸುವ ತಂತಿಸುರುಳಿ, ಅಂದರೆ ವಾಯ್ಸ್ ಕಾಯಿಲ್, ಅಯಸ್ಕಾಂತದ ಸಂದಿನಿಂದ ಅರ್ಧ ಹೊರಬಂದ ಹೊತ್ತಿನಲ್ಲಿ ಮೃದಂಗದ ಪೆಟ್ಟೋ ಬಾಸ್ ಗಿಟಾರಿನ ತಂತಿಯೋ ಬಂದರೆ ಅದು ವಿಕೃತವಾಗಿಯೇ ಹೊರಡುತ್ತದೆ. ವಾಲ್ವ್ ಆಂಪ್ಲಿಫೈಯರ್ ಆಗಿದ್ದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನ ಕಬ್ಬಿಣ ಈ ಕೆಳ ಆವೃತ್ತಿಗಳಲ್ಲೇ ಬೇಗ ಸೋಲುತ್ತದೆ. ಗಾಳಿಕೊಳವೆಯ ಸ್ಪೀಕರ್‌ಗಳಿಗೆ ಅಪಾಯ ಇನ್ನೂ ಹೆಚ್ಚು. ಕೊಳವೆಯನ್ನು ಶ್ರುತಿ ಮಾಡಿದ ಆವೃತ್ತಿಗಿಂತ ಕೆಳಗೆ ಪೆಟ್ಟಿಗೆಯ ಗಾಳಿ ಕೊಳವೆಯ ಮೂಲಕ ಸಲೀಸಾಗಿ ಒಳಗೆ ಹೊರಗೆ ಹೋಗಿಬಿಡುತ್ತದೆ, ಕೋನನ್ನು ಹಿಡಿದು ನಿಲ್ಲಿಸುವ ಗಾಳಿಯ ಸ್ಪ್ರಿಂಗ್ ಇಲ್ಲವಾಗುತ್ತದೆ. ಪೂರ್ತಿ ಮುಚ್ಚಿದ ಪೆಟ್ಟಿಗೆಯಲ್ಲಿ ಆ ಸ್ಪ್ರಿಂಗ್ ಎಲ್ಲ ಆವೃತ್ತಿಗಳಲ್ಲೂ ಇರುತ್ತದೆ. ಒಂದೇ ಟರ್ನ್‌ಟೇಬಲ್ ಒಬ್ಬರ ಬಳಿ ತೆಪ್ಪಗಿದ್ದು ಇನ್ನೊಬ್ಬರ ಬಳಿ ಕೋನ್ ಕುಣಿಸುವುದಕ್ಕೆ ಬಹುಪಾಲು ಇದೇ ಕಾರಣ.

ಎಲ್ಲಿಂದ ಬರುತ್ತದೆ

33⅓ ವೇಗದ ರೆಕಾರ್ಡ್ ಒಂದು ಸುತ್ತಿಗೆ 1.8 ಸೆಕೆಂಡ್ ತೆಗೆದುಕೊಳ್ಳುತ್ತದೆ, ಅಂದರೆ 0.56 ಹರ್ಟ್ಜ್. ಪೂರ್ತಿ ಸಪಾಟಾದ ರೆಕಾರ್ಡ್ ಅಪರೂಪ. ಸುತ್ತಿಗೊಮ್ಮೆ ಏರಿ ಇಳಿಯುವ ದೊಡ್ಡ ಬಾಗು ಅಷ್ಟೇನೂ ತೊಂದರೆ ಕೊಡುವುದಿಲ್ಲ, ಆರ್ಮ್ ಅದರೊಂದಿಗೆ ನಿಧಾನವಾಗಿ ಏರಿ ಇಳಿಯುತ್ತದೆ. ಕಾಟ ಕೊಡುವುದು ಅಂಚಿನ ಚಿಕ್ಕ ಏರುತಗ್ಗುಗಳು. ಅವು ಹುಟ್ಟಿಸುವ ಕಂಪನ ಹೆಚ್ಚಾಗಿ 2ರಿಂದ 6 ಹರ್ಟ್ಜ್ ಆಸುಪಾಸಿನಲ್ಲಿರುತ್ತದೆ.

ಇದರ ಜೊತೆಗೆ ಆರ್ಮಿನದೇ ಒಂದು ಸ್ವಭಾವವಿದೆ. ಸೂಜಿ ಕೂತಿರುವ ಸಣ್ಣ ಕಡ್ಡಿ, ಅಂದರೆ ಕ್ಯಾಂಟಿಲಿವರ್, ರಬ್ಬರಿನ ಮೇಲೆ ತೂಗುತ್ತದೆ. ಆರ್ಮಿನ ತೂಕ ಆ ರಬ್ಬರಿನ ಮೇಲೆ ಕುಳಿತಿರುವುದರಿಂದ ಇಡೀ ಏರ್ಪಾಡು ತನ್ನದೇ ಆದ ಒಂದು ಆವೃತ್ತಿಯಲ್ಲಿ ಅನುರಣಿಸುತ್ತದೆ. ಆ ಆವೃತ್ತಿ ಬಾಗುಗಳ ಆವೃತ್ತಿಯ ಹತ್ತಿರ ಬಂದರೆ ಚಿಕ್ಕ ಏರುತಗ್ಗು ದೊಡ್ಡ ಕುಣಿತವಾಗುತ್ತದೆ. ಮೇಲೆ ಹೋಗಿ 20 ಹರ್ಟ್ಜ್ ಸಮೀಪಿಸಿದರೆ ಹಾಡಿನ ಮಂದ್ರಸ್ವರಗಳೇ ಅದನ್ನು ಕೆದಕುತ್ತವೆ. ಹಾಗಾಗಿ 8ರಿಂದ 12 ಹರ್ಟ್ಜ್ ನಡುವೆ ಅದು ಇರಬೇಕು ಎಂಬುದು ಬಹುಕಾಲದ ಒಪ್ಪಿಗೆ.

ಇದೆಲ್ಲವನ್ನೂ ಹಿಗ್ಗಿಸುವುದು ಪ್ರಿಆಂಪ್‌ನಲ್ಲಿರುವ ಆರ್‌ಐಎಎ ಸರಿದೂಗಿಕೆ. ರೆಕಾರ್ಡ್ ಕೊರೆಯುವಾಗ ತಗ್ಗಿಸಿದ ಮಂದ್ರವನ್ನು ನುಡಿಸುವಾಗ ಅದು ಮರಳಿ ಏರಿಸುತ್ತದೆ. 1 ಕಿಲೋಹರ್ಟ್ಜ್‌ಗೆ ಹೋಲಿಸಿದರೆ 20 ಹರ್ಟ್ಜ್ ಮತ್ತು ಅದರ ಕೆಳಗೆ ಈ ಏರಿಕೆ ಹತ್ತಿರ ಹತ್ತಿರ 20 ಡೆಸಿಬೆಲ್, ಅಂದರೆ ಹತ್ತು ಪಟ್ಟು. 1976ರಲ್ಲಿ ಅಂತಾರಾಷ್ಟ್ರೀಯ ವಿದ್ಯುತ್ ಮಾನಕ ಸಂಸ್ಥೆ ಐಇಸಿ ಇದಕ್ಕೆ ಒಂದು ತಿದ್ದುಪಡಿ ಸೂಚಿಸಿತು: 20 ಹರ್ಟ್ಜ್‌ನಿಂದ ಕೆಳಗೆ ಆಕ್ಟೇವಿಗೆ, ಅಂದರೆ ಆವೃತ್ತಿ ಅರ್ಧವಾದಾಗಲೆಲ್ಲ, 6 ಡೆಸಿಬೆಲ್‌ನಂತೆ ಇಳಿಸಬೇಕು ಎಂದು. ಮಂದ್ರ ಕಳೆದುಹೋಗುತ್ತದೆ ಎಂಬ ಕಾರಣಕ್ಕೆ ಅನೇಕ ವಿನ್ಯಾಸಕಾರರು ಅದನ್ನು ಅಳವಡಿಸಲಿಲ್ಲ. ನನ್ನ ಪ್ರಿಆಂಪ್‌ನಲ್ಲೂ ಅದು ಇಲ್ಲ. ಪ್ರಿಆಂಪ್ ಬದಲಿಸಿದ ಮೇಲೆ ಹೊಸದಾಗಿ ಕೋನ್ ಓಲಾಡಲು ಶುರುವಾದರೆ ಮೊದಲು ಈ ವ್ಯತ್ಯಾಸವನ್ನು ನೋಡಬೇಕು. ಹಳೆಯ ಪೆಟ್ಟಿಗೆ ಸದ್ದಿಲ್ಲದೆ ಫಿಲ್ಟರಿನ ಕೆಲಸ ಮಾಡುತ್ತಿದ್ದಿರಬಹುದು.

ಕೋನ್ ನೋಡುತ್ತಾ ಪತ್ತೆ ಹಚ್ಚುವುದು

ಉಪಕರಣ ಇಲ್ಲದೆಯೇ ಇಲ್ಲಿ ಬಹಳಷ್ಟು ತಿಳಿಯುತ್ತದೆ. ಕೋನ್ ಯಾವಾಗ ಅಲುಗುತ್ತದೆ, ಯಾವ ದಿಕ್ಕಿಗೆ ಅಲುಗುತ್ತದೆ ಎಂಬುದನ್ನು ತಾಳ್ಮೆಯಿಂದ ನೋಡಿದರೆ ಸಾಕು.

ಮೊದಲು ಸೂಜಿಯನ್ನು ಎತ್ತಿಟ್ಟು, ಫೋನೋ ಆಯ್ಕೆ ಹಾಗೇ ಇಟ್ಟು, ಧ್ವನಿಯನ್ನು ಎಂದಿನ ಮಟ್ಟಕ್ಕೆ ತಂದೆ. ಕೋನ್ ನಿಶ್ಚಲ. ಆಗಲೂ ಓಲಾಡಿದ್ದರೆ ಟರ್ನ್‌ಟೇಬಲನ್ನು ಬಿಟ್ಟು ವಿದ್ಯುತ್ ಭಾಗಕ್ಕೆ ಹೋಗಬೇಕಿತ್ತು. ಹಳೆಯ ಆಂಪ್ಲಿಫೈಯರ್‌ಗಳಲ್ಲಿ ಸಪ್ಲೈನ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ಗಳು ಒಣಗಿದರೆ ಹಂತಗಳು ಒಂದನ್ನೊಂದು ಕೆದಕಿ, ತಾವಾಗಿಯೇ ಡಬ್ ಡಬ್ ಎಂದು ನಿಧಾನವಾಗಿ ಮಿಡಿಯುವುದುಂಟು.

ನಂತರ ಮೋಟಾರ್ ನಿಲ್ಲಿಸಿ, ನಿಂತ ರೆಕಾರ್ಡಿನ ಮೇಲೆ ಸೂಜಿ ಇಳಿಸಿದೆ. ಈ ಪರೀಕ್ಷೆಯಲ್ಲಿ ಒಂದು ಕೈ ಸದಾ ಧ್ವನಿಯ ಗುಬ್ಬಿಯ ಮೇಲಿರಬೇಕು. ಊಳಿಡತೊಡಗಿದರೆ ತಕ್ಷಣ ಇಳಿಸಬೇಕು, ಇಲ್ಲವಾದರೆ ವೂಫರ್ ಸುಟ್ಟೇ ಹೋಗಬಹುದು. ಧ್ವನಿಯನ್ನು ನಿಧಾನವಾಗಿ ಏರಿಸುತ್ತಾ ಕಪಾಟಿನ ಮೇಲೆ ಬೆರಳಿನಿಂದ ತಟ್ಟಿದೆ. ತಟ್ಟಿದಾಗಲೆಲ್ಲ ಕೋನ್ ಜಿಗಿಯಿತು, ಜಿಗಿದ ಮೇಲೆ ಬೇಗ ನಿಲ್ಲಲಿಲ್ಲ. ಇನ್ನಷ್ಟು ಏರಿಸಿದಾಗ ತಟ್ಟದೆಯೇ ಅಲುಗಾಟ ಬೆಳೆಯತೊಡಗಿತು. ಸ್ಪೀಕರಿನ ಕಂಪನ ಕಪಾಟಿನ ಹಲಗೆಯ ಮೂಲಕ ಸೂಜಿಗೆ ಮರಳುತ್ತಿದೆ ಎಂಬುದಕ್ಕೆ ಇದು ನೇರ ಪುರಾವೆ. ಆದರೆ ಎಂದಿನ ಮಟ್ಟದಲ್ಲಿ, ಯಾರೂ ತಟ್ಟದಿದ್ದಾಗ, ಕೋನ್ ಸುಮ್ಮನೆಯೇ ಇತ್ತು. ಅಂದರೆ ಕಪಾಟು ತಪ್ಪಿತಸ್ಥರಲ್ಲಿ ಒಂದು, ಮುಖ್ಯವಾದದ್ದಲ್ಲ.

ಈಗ ತಿರುಗಿಸಿ ನೋಡುವ ಸರದಿ. ರೆಕಾರ್ಡಿನ ನಡುವಿನ ಲೇಬಲ್ ಮೇಲೆ ಕಾಗದದ ಚೂರೊಂದನ್ನು ಅಂಟಿಸಿ, ಕೋನ್ ಅತಿಯಾಗಿ ಸರಿಯುವ ಕ್ಷಣದಲ್ಲಿ ಆ ಚೂರು ಎಲ್ಲಿರುತ್ತದೆ ಎಂದು ಗಮನಿಸಿದೆ. ಬಾಗಿದ ರೆಕಾರ್ಡಿನಲ್ಲಿ ಪ್ರತಿ ಸುತ್ತಿಗೂ ಒಂದೇ ಜಾಗದಲ್ಲಿ ಉಬ್ಬರ ಬರುತ್ತಿತ್ತು. ಸಪಾಟಾದ ರೆಕಾರ್ಡಿನಲ್ಲಿ ಅಂಥ ಜಾಗ ಸಿಗಲಿಲ್ಲ, ಆದರೂ ಕೋನ್ ಪೂರ್ತಿ ನಿಲ್ಲಲಿಲ್ಲ. ಗುಣಮಟ್ಟದ ಒತ್ತಿನ ರೆಕಾರ್ಡಿನಲ್ಲೂ ಓಲಾಟ ಉಳಿದರೆ ಸಂಶಯ ಪಡಬೇಕಾದದ್ದು ಆರ್ಮ್ ಮತ್ತು ಕಾರ್ಟ್ರಿಜ್ ಜೋಡಿಯನ್ನು, ಇಲ್ಲವೇ ತಟ್ಟೆಯ ಕೆಳಗಿನ ಬೇರಿಂಗನ್ನು. ಬೇರಿಂಗಿನ ಎಣ್ಣೆ ಒರೆಸಿ ಹೊಸ ಎಣ್ಣೆ ಹಾಕಿದೆ. ಅದರಿಂದ ವ್ಯತ್ಯಾಸ ಕಾಣಲಿಲ್ಲ.

ನನಗೆ ಬಹಳ ಇಷ್ಟವಾದ ಪರೀಕ್ಷೆ ಮೋನೋ ಸ್ವಿಚ್. ಸ್ಟೀರಿಯೋ ರೆಕಾರ್ಡಿನಲ್ಲಿ ಸೂಜಿ ಅಡ್ಡಡ್ಡ ಚಲಿಸಿದರೆ ಎರಡೂ ಚಾನೆಲ್‌ಗಳಲ್ಲಿ ಒಂದೇ ದಿಕ್ಕಿನ ಸಂಕೇತ ಹುಟ್ಟುತ್ತದೆ. ಮೇಲೆ ಕೆಳಗೆ ಚಲಿಸಿದರೆ ಪರಸ್ಪರ ವಿರುದ್ಧ ದಿಕ್ಕಿನ ಸಂಕೇತ. ರೆಕಾರ್ಡಿನ ಬಾಗು ಸೂಜಿಯನ್ನು ಮೇಲೆ ಕೆಳಗೆ ದೂಡುತ್ತದೆ. ಹಾಗಾಗಿ ಎಡ ವೂಫರ್ ಹೊರಬಂದಾಗ ಬಲ ವೂಫರ್ ಒಳಹೋಗುತ್ತಿದ್ದರೆ ಮೂಲ ಲಂಬ ಚಲನೆ. ಮೋನೋ ಒತ್ತಿದರೆ ಎರಡೂ ಒಂದನ್ನೊಂದು ಅಳಿಸಿಕೊಂಡು ಓಲಾಟ ತಗ್ಗಬೇಕು. ನಡುವಿನ ತೂತು ಕೇಂದ್ರ ತಪ್ಪಿದ್ದರೆ ಅಥವಾ ಆರ್ಮ್ ಅಡ್ಡಡ್ಡ ಅನುರಣಿಸುತ್ತಿದ್ದರೆ ಎರಡು ಕೋನ್‌ಗಳೂ ಜೊತೆಯಾಗಿ ಚಲಿಸುತ್ತವೆ, ಮೋನೋ ಒತ್ತಿದರೂ ನಿಲ್ಲುವುದಿಲ್ಲ. ಈ ಓದು ಸರಿಯಾಗಿರಬೇಕಾದರೆ ಎರಡೂ ಸ್ಪೀಕರ್‌ಗಳ ತಂತಿ ಒಂದೇ ಧ್ರುವದಲ್ಲಿ ಜೋಡಣೆಯಾಗಿರಬೇಕು. ಆಂಪ್ಲಿಫೈಯರಿನಿಂದ ಸ್ಪೀಕರ್ ತಂತಿಗಳನ್ನು ಬಿಡಿಸಿ, ಒಂದೂವರೆ ವೋಲ್ಟಿನ ಬ್ಯಾಟರಿ ಶೆಲ್ಲನ್ನು ತಂತಿಯ ತುದಿಗಳಿಗೆ ಕ್ಷಣ ಮಾತ್ರ ಮುಟ್ಟಿಸಿ, ಎರಡು ಕೋನ್‌ಗಳೂ ಒಂದೇ ಕಡೆಗೆ ಜಿಗಿಯುತ್ತವೆಯೇ ಎಂದು ಮೊದಲೇ ಖಚಿತಪಡಿಸಿಕೊಂಡೆ.

ಮೋನೋ ಒತ್ತಿದ ಕೂಡಲೇ ಓಲಾಟದ ಬಹುಪಾಲು ನಿಂತಿತು. ಮೂಲ ಲಂಬ ಚಲನೆ ಎಂಬುದು ಅಲ್ಲಿಗೆ ತೀರ್ಮಾನವಾಯಿತು.

ಆವೃತ್ತಿಯನ್ನು ಅಳೆಯುವುದು

ಮೊಬೈಲಿನಲ್ಲಿ ಸೆಕೆಂಡಿಗೆ 240 ಚೌಕಟ್ಟುಗಳ ನಿಧಾನಗತಿಯ ವಿಡಿಯೊ ತೆಗೆದು, ಕೋನ್ ಒಮ್ಮೆ ಹೊರಬಂದು ಮತ್ತೆ ಹೊರಬರುವ ತನಕ ಎಷ್ಟು ಚೌಕಟ್ಟು ಎಂದು ಎಣಿಸಿದೆ. ಸುಮಾರು 40 ಬಂತು, ಅಂದರೆ 6 ಹರ್ಟ್ಜ್. ಅದನ್ನು ಪಕ್ಕಾ ಮಾಡಿಕೊಳ್ಳಲು ಪ್ರಿಆಂಪ್‌ನ ಔಟ್‌ಪುಟ್ಟನ್ನು ಕಂಪ್ಯೂಟರಿಗೆ ಕೊಟ್ಟು, ಹಾಡುಗಳ ನಡುವಿನ ಮತ್ತು ಕೊನೆಯ ಖಾಲಿ ಗೀರುಗಳನ್ನು ಆಡಾಸಿಟಿ ತಂತ್ರಾಂಶದಲ್ಲಿ ರೆಕಾರ್ಡ್ ಮಾಡಿ ಸ್ಪೆಕ್ಟ್ರಮ್, ಅಂದರೆ ಯಾವ ಆವೃತ್ತಿಯಲ್ಲಿ ಎಷ್ಟು ಬಲವಿದೆ ಎಂಬ ನಕ್ಷೆ, ತೆಗೆದೆ. ವಿಶ್ಲೇಷಣೆಯ ಗಾತ್ರವನ್ನು 65536 ಎಂದು ಆರಿಸಿಕೊಳ್ಳಬೇಕು. 44,100ರ ಸ್ಯಾಂಪಲ್ ವೇಗದಲ್ಲಿ ಆಗ ಪ್ರತಿ ಹೆಜ್ಜೆ 0.67 ಹರ್ಟ್ಜ್ ಆಗುತ್ತದೆ. ಅದಕ್ಕಿಂತ ಚಿಕ್ಕ ಗಾತ್ರ ಆರಿಸಿದರೆ ಇಡೀ ಕೆಳಭಾಗ ಒಂದೇ ಗುಡ್ಡೆಯಾಗಿ ಕಾಣುತ್ತದೆ. ಬಹಳಷ್ಟು ಸೌಂಡ್ ಕಾರ್ಡ್‌ಗಳು ತೀರ ಕೆಳಗಿನ ಆವೃತ್ತಿಗಳನ್ನು ತಾವೇ ತಗ್ಗಿಸುವುದರಿಂದ ಎತ್ತರವನ್ನು ಪೂರ್ತಿ ನಂಬಬಾರದು, ಶಿಖರ ಎಲ್ಲಿದೆ ಎಂಬುದನ್ನು ನಂಬಬಹುದು. ಶಿಖರ 6 ಹರ್ಟ್ಜ್ ದಾಟಿದ ಕೂಡಲೇ ಎದ್ದು ನಿಂತಿತ್ತು.

ಆರ್ಮ್ ಮತ್ತು ಕಾರ್ಟ್ರಿಜ್

ಲೆಕ್ಕದ ಸೂತ್ರ ಸರಳ. ಆರ್ಮಿನ ಪರಿಣಾಮಕಾರಿ ತೂಕ (ಅಲುಗುವಾಗ ಸೂಜಿಯ ತುದಿಗೆ ತಟ್ಟುವ ತೂಕ), ಕಾರ್ಟ್ರಿಜ್ ತೂಕ, ತಿರುಪುಗಳ ತೂಕ, ಇವನ್ನು ಗ್ರಾಂಗಳಲ್ಲಿ ಕೂಡಿಸಬೇಕು. ಅದನ್ನು ಕಾರ್ಟ್ರಿಜ್‌ನ ಕಂಪ್ಲಯನ್ಸ್‌ನಿಂದ, ಅಂದರೆ ಮಿಲಿನ್ಯೂಟನ್ನಿಗೆ ಎಷ್ಟು ಮೈಕ್ರಾನ್ ಬಳುಕುತ್ತದೆ ಎಂಬ ಸಂಖ್ಯೆಯಿಂದ ಗುಣಿಸಿ, ವರ್ಗಮೂಲ ತೆಗೆದು, 159ನ್ನು ಅದರಿಂದ ಭಾಗಿಸಬೇಕು. ನನ್ನ ಆರ್ಮ್ ಹೆಡ್‌ಶೆಲ್ ಸಹಿತ 18 ಗ್ರಾಂ, ಕಾರ್ಟ್ರಿಜ್ 6.5 ಗ್ರಾಂ, ಹಿತ್ತಾಳೆಯ ತಿರುಪು ನಟ್ಟುಗಳು 1.5 ಗ್ರಾಂ, ಒಟ್ಟು 26. ಕಂಪ್ಲಯನ್ಸ್ 25. ಗುಣಲಬ್ಧ 650, ವರ್ಗಮೂಲ 25.5, ಉತ್ತರ 6.2 ಹರ್ಟ್ಜ್. ವಿಡಿಯೊ, ಸ್ಪೆಕ್ಟ್ರಮ್, ಲೆಕ್ಕ ಮೂರೂ ಒಂದೇ ಮಾತು ಹೇಳಿದಾಗ ಆಗುವ ಸಂತೋಷ ದುರಸ್ತಿ ಕೆಲಸ ಮಾಡುವವರಿಗೆ ಚೆನ್ನಾಗಿ ಗೊತ್ತಿರುತ್ತದೆ.

ಕಂಪ್ಲಯನ್ಸ್ ಸಂಖ್ಯೆ ಓದುವಾಗ ಒಂದು ಎಚ್ಚರ ಬೇಕು. ಹಲವು ಜಪಾನೀ ತಯಾರಕರು ಅದನ್ನು 100 ಹರ್ಟ್ಜ್‌ನಲ್ಲಿ ಅಳೆದು ಕೊಡುತ್ತಾರೆ. ಸೂತ್ರಕ್ಕೆ ಬೇಕಾದದ್ದು 10 ಹರ್ಟ್ಜ್‌ನ ಸಂಖ್ಯೆ, ಅದು ಸಾಮಾನ್ಯವಾಗಿ ಒಂದೂವರೆಯಿಂದ ಎರಡು ಪಟ್ಟು ಹೆಚ್ಚಿರುತ್ತದೆ. ಕಾಗದದ ಮೇಲೆ 12 ಎಂದಿರುವ ಕಾರ್ಟ್ರಿಜ್ ಆರ್ಮಿನಲ್ಲಿ 20ರಂತೆ ವರ್ತಿಸಬಹುದು.

ಕೈಯಲ್ಲಿದ್ದ ಕಾರ್ಟ್ರಿಜ್ ಬಿಡಲು ಮನಸ್ಸಿರಲಿಲ್ಲ, ಬಹಳ ಸೊಗಸಾಗಿ ಹಾಡುತ್ತದೆ. ಹಾಗಾಗಿ ತೂಕ ಇಳಿಸುವುದನ್ನು ಮೊದಲು ಲೆಕ್ಕ ಹಾಕಿದೆ. 10.5 ಗ್ರಾಂನ ಹೆಡ್‌ಶೆಲ್ ಬದಲು 7 ಗ್ರಾಂನದು, ಹಿತ್ತಾಳೆ ಬದಲು ಅಲ್ಯೂಮಿನಿಯಂ ತಿರುಪು. ಒಟ್ಟು ನಾಲ್ಕೂವರೆ ಗ್ರಾಂ ಉಳಿತಾಯ. ಆರ್ಮಿನ ತುದಿಯಲ್ಲಿ ಉಳಿಸಿದ ಪ್ರತಿ ಗ್ರಾಂ ಪೂರ್ತಿ ಲೆಕ್ಕಕ್ಕೆ ಬರುತ್ತದೆ. ಆದರೂ ಉತ್ತರ ಬಂದದ್ದು 6.9 ಹರ್ಟ್ಜ್. ವರ್ಗಮೂಲ ಅಡ್ಡ ಇರುವುದರಿಂದ ಅಷ್ಟೆಲ್ಲ ಹಗುರ ಮಾಡಿದರೂ ಆವೃತ್ತಿ ಮುಕ್ಕಾಲು ಹರ್ಟ್ಜ್ ಕೂಡ ಏರುವುದಿಲ್ಲ. ಬರೀ ಹೆಡ್‌ಶೆಲ್ ಬದಲಿಸಿ ಪವಾಡ ನಿರೀಕ್ಷಿಸುವವರು ಕೊಳ್ಳುವ ಮೊದಲು ಈ ಲೆಕ್ಕ ಮಾಡಿ ನೋಡಬೇಕು.

ಬಳುಕನ್ನು ಅರ್ಧಕ್ಕಿಳಿಸಿದರೆ ಚಿತ್ರವೇ ಬೇರೆ. 10 ಹರ್ಟ್ಜ್‌ನಲ್ಲಿ 12 ಕಂಪ್ಲಯನ್ಸ್ ಇರುವ, ಅಷ್ಟೇ ತೂಕದ ಇನ್ನೊಂದು ಕಾರ್ಟ್ರಿಜ್ ಹಾಕಿದರೆ, ಹಳೆಯ ಹೆಡ್‌ಶೆಲ್ ಇಟ್ಟುಕೊಂಡೇ 9 ಹರ್ಟ್ಜ್. ಹಗುರ ಹೆಡ್‌ಶೆಲ್ ಕೂಡ ಸೇರಿಸಿದರೆ 9.9. ಎರಡನ್ನೂ ಮಾಡಿದೆ. ಗಡಸು ತೂಗಿನ ಕಾರ್ಟ್ರಿಜ್ ಹೆಚ್ಚು ಒತ್ತಡ ಕೇಳುತ್ತದೆ. ಒಂದೂಕಾಲು ಗ್ರಾಂ ಇದ್ದದ್ದನ್ನು ಎರಡು ಗ್ರಾಂಗೆ ತಂದು, ಓವರ್‌ಹ್ಯಾಂಗ್ (ಸೂಜಿ ನಡುಕಂಬಿಯನ್ನು ದಾಟಿ ಚಾಚುವ ದೂರ) ಮತ್ತು ಆಂಟಿಸ್ಕೇಟ್ (ಆರ್ಮ್ ಒಳಕ್ಕೆ ಎಳೆದುಕೊಳ್ಳುವುದನ್ನು ತಡೆಯುವ ಬಲ) ಮತ್ತೆ ಹೊಂದಿಸಿದೆ. ಒತ್ತಡವನ್ನು ತಯಾರಕರು ಹೇಳಿದ ವ್ಯಾಪ್ತಿಯ ಮೇಲಿನ ಅರ್ಧದಲ್ಲಿ ಇಡುವುದು ಬಾಗಿದ ರೆಕಾರ್ಡ್‌ಗಳಿಗೆ ಒಳ್ಳೆಯದು. ಒತ್ತಡ ಕಡಿಮೆಯಾದರೆ ರೆಕಾರ್ಡ್ ಉಳಿಯುತ್ತದೆ ಎಂಬ ನಂಬಿಕೆ ತಪ್ಪು, ಗೀರಿನಲ್ಲಿ ಕುಪ್ಪಳಿಸುವ ಸೂಜಿಯೇ ಹೆಚ್ಚು ಹಾನಿ ಮಾಡುತ್ತದೆ.

ಹೊಸ ಸ್ಪೆಕ್ಟ್ರಮ್‌ನಲ್ಲಿ ಶಿಖರ 10ರ ಹತ್ತಿರಕ್ಕೆ ಸರಿದಿತ್ತು, ಎತ್ತರವೂ ಕುಗ್ಗಿತ್ತು. ಸಪಾಟಾದ ರೆಕಾರ್ಡ್‌ಗಳಲ್ಲಿ ಕೋನಿನ ಓಲಾಟ ಕಣ್ಣಿಗೆ ಕಾಣುವಂತೆ ಅರ್ಧಕ್ಕಿಂತ ಕೆಳಗಿಳಿಯಿತು. ಉದ್ದಕ್ಕೆ ಎಳೆದ ಪಿಯಾನೋ ಸ್ವರಗಳು ನೆಟ್ಟಗೆ ನಿಂತವು. ಈ ಲಾಭವನ್ನು ಯಾವ ಫಿಲ್ಟರೂ ಕೊಡಲಾರದು.

ಕಾರ್ಟ್ರಿಜ್ ಬದಲಿಸಲಾಗದವರಿಗೆ ಇನ್ನೊಂದು ದಾರಿ ತಗ್ಗಿಕೆ, ಅಂದರೆ ಆರ್ಮಿನ ಕುಣಿತಕ್ಕೆ ತಡೆ ಒಡ್ಡುವುದು. ಕೆಲವು ಆರ್ಮ್‌ಗಳಲ್ಲಿ ಸಿಲಿಕೋನ್ ಎಣ್ಣೆಯ ತೊಟ್ಟಿಯಲ್ಲಿ ಮುಳುಗುವ ಪುಟ್ಟ ಹುಟ್ಟು ಇರುತ್ತದೆ. 1978ರಲ್ಲಿ ಬಂದ ಶ್ಯೂರ್ ವಿ15 ಟೈಪ್ ಫೋರ್ ಕಾರ್ಟ್ರಿಜ್‌ನಲ್ಲಿ ಮುಂಭಾಗದ ಬ್ರಷ್ಷೇ ಆ ಕೆಲಸ ಮಾಡುತ್ತಿತ್ತು: ರೆಕಾರ್ಡಿನ ಮೇಲೆ ಸವರುತ್ತಾ ಬಾಗನ್ನು ಅನುಸರಿಸುತ್ತಿತ್ತು, ಆರ್ಮಿನ ಕುಣಿತವನ್ನು ಹೀರಿಕೊಳ್ಳುತ್ತಿತ್ತು. ಬಹಳ ಜಾಣ ಉಪಾಯ ಅದು.

ಕಪಾಟು

ಸ್ಪೀಕರ್‌ಗಳನ್ನು ಕಪಾಟಿನಿಂದ ಇಳಿಸಿ ಪ್ರತ್ಯೇಕ ಕಬ್ಬಿಣದ ಸ್ಟ್ಯಾಂಡ್‌ಗಳ ಮೇಲಿಟ್ಟೆ. ಟರ್ನ್‌ಟೇಬಲನ್ನು ಗೋಡೆಗೆ ಭದ್ರವಾಗಿ ಬಿಗಿದ ಹಲಗೆಯ ಮೇಲೆ ಕೂರಿಸಿದೆ. ನಿಂತ ರೆಕಾರ್ಡಿನ ಪರೀಕ್ಷೆಯನ್ನು ಮತ್ತೆ ಮಾಡಿದಾಗ ಧ್ವನಿ ಎಷ್ಟು ಏರಿಸಿದರೂ ಕೋನ್ ತಾನಾಗಿ ಅಲುಗಲಿಲ್ಲ. ಒಳಗೆ ಸ್ಪ್ರಿಂಗ್‌ಗಳ ಮೇಲೆ ತೂಗುವ ಟರ್ನ್‌ಟೇಬಲ್ ಇರುವವರಿಗೆ ಗೋಡೆಯ ಹಲಗೆ ಇನ್ನೂ ಮುಖ್ಯ. ಅವುಗಳ ತೂಗು ಸಾಮಾನ್ಯವಾಗಿ 3ರಿಂದ 5 ಹರ್ಟ್ಜ್‌ನಲ್ಲಿ ಇರುತ್ತದೆ, ನಡೆದಾಡುವ ಹೆಜ್ಜೆಗೆ ಅಲ್ಲಾಡುವ ಮರದ ನೆಲದ ಮೇಲೆ ಅವು ನಿಲ್ಲಲಾರವು.

ಬಟ್ಟಲಿನಂತೆ ಅಂಚು ಮೇಲೆದ್ದ ರೆಕಾರ್ಡ್‌ಗಳಿಗೆ ತಿರುಪಿನ ಕ್ಲ್ಯಾಂಪ್ ಕೊಂಡೆ. ಲೇಬಲ್ಲಿನ ಕೆಳಗೆ, ನಡುಕಂಬಿಗೆ ತೆಳುವಾದ ವಾಷರ್ ಹಾಕಿ ಮೇಲಿನಿಂದ ಬಿಗಿದರೆ ಅಂಚು ಕೆಳಗಿಳಿಯುತ್ತದೆ. ಒಲೆಯ ಶಾಖದಲ್ಲಿ ರೆಕಾರ್ಡ್ ಸಪಾಟು ಮಾಡುವ ಪ್ರಯೋಗವನ್ನು ನಾನು ಮಾಡುವುದಿಲ್ಲ. ಗೀರುಗಳು ಮೆತ್ತಗಾದರೆ ಮತ್ತೆ ಸರಿಯಾಗುವುದಿಲ್ಲ.

ಫಿಲ್ಟರ್

ಇಷ್ಟಾದ ಮೇಲೂ ತೀರ ಬಾಗಿದ ಕೆಲವು ರೆಕಾರ್ಡ್‌ಗಳಲ್ಲಿ 3–4 ಹರ್ಟ್ಜ್‌ನ ಉಬ್ಬರ ಉಳಿದಿತ್ತು. ಅದು ರೆಕಾರ್ಡಿನಲ್ಲೇ ಇರುವ ಆಕಾರ, ಆರ್ಮಿನಿಂದ ಅದನ್ನು ಕಳೆಯಲಾಗದು. ಫಿಲ್ಟರಿನ ಜಾಗ ಇದು.

ಅತಿ ಸರಳ ರೂಪವೆಂದರೆ ಪ್ರಿಆಂಪ್ ಮತ್ತು ಆಂಪ್ಲಿಫೈಯರ್ ನಡುವೆ ಚಾನೆಲಿಗೊಂದು ಕೆಪಾಸಿಟರ್. ಆಂಪ್ಲಿಫೈಯರಿನ ಇನ್‌ಪುಟ್ 47 ಕಿಲೋಓಮ್ ಆಗಿದ್ದರೆ 0.22 ಮೈಕ್ರೋಫ್ಯಾರಡ್ ಕೆಪಾಸಿಟರ್ 15.4 ಹರ್ಟ್ಜ್‌ನಿಂದ ಕತ್ತರಿಸತೊಡಗುತ್ತದೆ. 4 ಹರ್ಟ್ಜ್‌ನಲ್ಲಿ 12 ಡೆಸಿಬೆಲ್ ಕಡಿತ ಸಿಗುತ್ತದೆ, 40 ಹರ್ಟ್ಜ್‌ನಲ್ಲಿ ಅರ್ಧ ಡೆಸಿಬೆಲ್‌ಗಿಂತ ತುಸು ಹೆಚ್ಚು ನಷ್ಟ. ಹಗುರ ತೊಂದರೆಗೆ ಇದೇ ಸಾಕು. 8 ಹರ್ಟ್ಜ್‌ನಲ್ಲಿ ಮಾತ್ರ ಕಡಿತ 7 ಡೆಸಿಬೆಲ್ ಕೂಡ ಆಗುವುದಿಲ್ಲ, ಅದು ನನಗೆ ಸಾಲಲಿಲ್ಲ.

ಹಾಗಾಗಿ ಮೂರನೆಯ ದರ್ಜೆಯ ಬಟರ್‌ವರ್ತ್ ಫಿಲ್ಟರ್ ಕಟ್ಟಿದೆ. 20 ಹರ್ಟ್ಜ್‌ನಿಂದ ಕೆಳಗೆ ಆಕ್ಟೇವಿಗೆ 18 ಡೆಸಿಬೆಲ್ ಇಳಿಯುತ್ತದೆ. ಇದರ ಮೌಲ್ಯಗಳು ಎಷ್ಟು ಅಚ್ಚುಕಟ್ಟಾಗಿ ಕೂಡಿಬರುತ್ತವೆ ಎಂದರೆ, ಇಡೀ ಫಿಲ್ಟರಿಗೆ ಒಂದೇ ಮೌಲ್ಯದ ಕೆಪಾಸಿಟರ್, ಒಂದೇ ಮೌಲ್ಯದ ರೆಸಿಸ್ಟರ್ ಸಾಕು: 0.22 ಮೈಕ್ರೋಫ್ಯಾರಡ್ ಮತ್ತು 36 ಕಿಲೋಓಮ್.

ಸಂಕೇತ ಮೊದಲು ಒಂದು ಕೆಪಾಸಿಟರ್ ದಾಟುತ್ತದೆ, ಅದರಾಚೆ ನೆಲಕ್ಕೆ ಒಂದು 36 ಕಿಲೋಓಮ್. ಅಲ್ಲಿಂದ ಮೊದಲ ಆಪ್‌ಆಂಪ್ (ಚಿಪ್ ರೂಪದ ಪುಟ್ಟ ಆಂಪ್ಲಿಫೈಯರ್), ಬರೀ ಬಫರ್ ಆಗಿ, ಅಂದರೆ ಸಂಕೇತವನ್ನು ಹಿಗ್ಗಿಸದೆ ದಾಟಿಸುವಂತೆ. ಅದರ ಔಟ್‌ಪುಟ್‌ನಿಂದ ಎರಡು ಕೆಪಾಸಿಟರ್‌ಗಳು ಸಾಲಾಗಿ ಎರಡನೆಯ ಆಪ್‌ಆಂಪ್‌ನ ಧನ ಇನ್‌ಪುಟ್ಟಿಗೆ ಹೋಗುತ್ತವೆ. ಆ ಇನ್‌ಪುಟ್‌ನಿಂದ ನೆಲಕ್ಕೆ 72 ಕಿಲೋಓಮ್, ಅಂದರೆ ಎರಡು 36 ಸರಣಿಯಲ್ಲಿ. ಎರಡು ಕೆಪಾಸಿಟರ್‌ಗಳ ನಡುವಿನ ಬಿಂದುವಿನಿಂದ ಎರಡನೆಯ ಆಪ್‌ಆಂಪ್‌ನ ಔಟ್‌ಪುಟ್ಟಿಗೆ 18 ಕಿಲೋಓಮ್, ಅಂದರೆ ಎರಡು 36 ಸಮಾಂತರವಾಗಿ. ಎರಡನೆಯದೂ ಬಫರ್ ಆಗಿಯೇ ಜೋಡಣೆ. ಔಟ್‌ಪುಟ್ಟಿಗೆ 100 ಓಮ್, ನಂತರ 2.2 ಮೈಕ್ರೋಫ್ಯಾರಡ್ ಫಿಲ್ಮ್ ಕೆಪಾಸಿಟರ್, ಕೊನೆಗೆ ನೆಲಕ್ಕೆ 100 ಕಿಲೋಓಮ್. ಲೆಕ್ಕದ ಕತ್ತರಿ ಬಿಂದು 20.1 ಹರ್ಟ್ಜ್.

ಆಪ್‌ಆಂಪ್ ಆಗಿ ಟಿಎಲ್072 ಆರಿಸಿದೆ, ಒಂದು ಚಿಪ್ಪಿನಲ್ಲಿ ಎರಡು ಇರುವುದರಿಂದ ಚಾನೆಲಿಗೊಂದು ಚಿಪ್ ಸಾಕು. ಎನ್‌ಇ5532 ಇದಕ್ಕಿಂತ ಮೌನಿ ಎಂಬುದು ನಿಜ. ಆದರೆ ಅದರ ಇನ್‌ಪುಟ್ ಎಳೆಯುವ ಕರೆಂಟ್ 72 ಕಿಲೋಓಮ್ ಮೇಲೆ ಹತ್ತಾರು ಮಿಲಿವೋಲ್ಟ್ ಡಿಸಿ ಹುಟ್ಟಿಸುತ್ತದೆ. ಕರೆಂಟನ್ನು ಎಳೆಯುವುದೇ ಇಲ್ಲ ಎನ್ನಬಹುದಾದ ಎಫ್‌ಇಟಿ ಇನ್‌ಪುಟ್ಟಿನ ಟಿಎಲ್072ಗೆ ಆ ಕಾಟವಿಲ್ಲ. ಕೆಪಾಸಿಟರ್‌ಗಳು ಫಿಲ್ಮ್ ಬಗೆಯವೇ ಆಗಿರಬೇಕು. ಅಗತ್ಯಕ್ಕಿಂತ ಹೆಚ್ಚು ಕೊಂಡು, ಮೀಟರಿನಲ್ಲಿ ಅಳೆದು, ಎಡ ಬಲಕ್ಕೆ ಹೊಂದುವ ಜೋಡಿಗಳನ್ನು ಆರಿಸಿದೆ. ಚಾನೆಲ್‌ಗಳ ನಡುವೆ ಮೌಲ್ಯ ತಪ್ಪಿದರೆ ಮಂದ್ರಸ್ವರಗಳ ಫೇಸ್, ಅಂದರೆ ಅಲೆಯ ಏರಿಳಿತದ ಹೊತ್ತು, ಎರಡು ಕಡೆ ಬೇರೆ ಬೇರೆ ಆಗುತ್ತದೆ.

ಸಪ್ಲೈಗೆ 15-0-15 ವೋಲ್ಟ್ ಟ್ರಾನ್ಸ್‌ಫಾರ್ಮರ್, 7815 ಮತ್ತು 7915 ರೆಗ್ಯುಲೇಟರ್‌ಗಳು, ಪ್ರತಿ ಚಿಪ್ಪಿನ ಕಾಲಿನ ಬುಡದಲ್ಲಿ 0.1 ಮೈಕ್ರೋಫ್ಯಾರಡ್. ಎರಡು ರೆಗ್ಯುಲೇಟರ್‌ಗಳೂ ಹೊರಗಿನಿಂದ ಅವಳಿಗಳಂತೆ ಕಂಡರೂ ಕಾಲುಗಳ ಕ್ರಮ ಬೇರೆ. 7815ರಲ್ಲಿ ಇನ್‌ಪುಟ್, ನೆಲ, ಔಟ್‌ಪುಟ್. 7915ರಲ್ಲಿ ನೆಲ, ಇನ್‌ಪುಟ್, ಔಟ್‌ಪುಟ್. 7915ರ ಲೋಹದ ಬೆನ್ನು ಇನ್‌ಪುಟ್ಟಿಗೆ ಸೇರಿರುವುದರಿಂದ ಅದನ್ನು ಲೋಹದ ಡಬ್ಬಿಗೆ ಮೈಕಾ ಹಾಳೆ ಇಲ್ಲದೆ ಬಿಗಿಯಬಾರದು. ಟ್ರಾನ್ಸ್‌ಫಾರ್ಮರನ್ನು ಟರ್ನ್‌ಟೇಬಲ್‌ನಿಂದ ದೂರ ಇಡಬೇಕು, ಮೂವಿಂಗ್ ಮ್ಯಾಗ್ನೆಟ್ ಕಾರ್ಟ್ರಿಜ್ ಅದರ ಗುಂಯ್‌ಗುಡುವಿಕೆಯನ್ನು ಗಾಳಿಯಲ್ಲೇ ಹೀರಿಕೊಳ್ಳುತ್ತದೆ. ಲೋಹದ ಡಬ್ಬಿಗೆ ಅರ್ತಿಂಗ್ ಕೊಡುವುದನ್ನು ಮರೆಯಬಾರದು.

ಬೆಸುಗೆ ಮುಗಿದ ಮೇಲೆ ಕಂಪ್ಯೂಟರಿನಿಂದ ಶುದ್ಧ ಸ್ವರಗಳನ್ನು ಕೊಟ್ಟು, ಒಂದೇ ಮೀಟರಿನಲ್ಲಿ ಇನ್‌ಪುಟ್ ಮತ್ತು ಔಟ್‌ಪುಟ್ ಅಳೆದೆ. 100 ಹರ್ಟ್ಜ್‌ನಲ್ಲಿ ವ್ಯತ್ಯಾಸವಿಲ್ಲ. 20ರಲ್ಲಿ ಔಟ್‌ಪುಟ್ ಸುಮಾರು 0.7 ಪಾಲು. 10ರಲ್ಲಿ ಎಂಟನೇ ಒಂದು. ಲೆಕ್ಕ ಹೇಳಿದಂತೆಯೇ. 4 ಹರ್ಟ್ಜ್‌ನಲ್ಲಿ ಕಡಿತ 42 ಡೆಸಿಬೆಲ್, ಅಂದರೆ ನೂರು ಪಟ್ಟಿಗೂ ಹೆಚ್ಚು. ಪಿಯಾನೋದ ಅತಿ ಕೆಳಗಿನ 27.5 ಹರ್ಟ್ಜ್ ಸ್ವರ ಕಳೆದುಕೊಳ್ಳುವುದು 0.6 ಡೆಸಿಬೆಲ್ ಮಾತ್ರ, ಬಾಸ್ ಗಿಟಾರಿನ 41 ಹರ್ಟ್ಜ್ ಏನನ್ನೂ ಕಳೆದುಕೊಳ್ಳುವುದಿಲ್ಲ ಎನ್ನಬಹುದು.

ಫೋನೋ ಹಂತ ಆಂಪ್ಲಿಫೈಯರಿನೊಳಗೇ ಇರುವವರು ಈ ಡಬ್ಬಿಯನ್ನು ಎಲ್ಲಿ ಸೇರಿಸುವುದು ಎಂದು ಕೇಳಬಹುದು. ಹಳೆಯ ಆಂಪ್ಲಿಫೈಯರ್‌ಗಳ ಹಿಂದೆ ಟೇಪ್ ಔಟ್ ಮತ್ತು ಟೇಪ್ ಮಾನಿಟರ್ ಎಂಬ ಜೋಡಿ ಸಾಕೆಟ್‌ಗಳಿರುತ್ತವೆ. ಔಟ್‌ನಿಂದ ಫಿಲ್ಟರಿಗೆ, ಫಿಲ್ಟರಿನಿಂದ ಮಾನಿಟರಿಗೆ ತಂತಿ ಕೊಟ್ಟು, ಮುಂಭಾಗದ ಟೇಪ್ ಮಾನಿಟರ್ ಸ್ವಿಚ್ ಒತ್ತಿದರೆ ಫಿಲ್ಟರ್ ಸೇರುತ್ತದೆ, ಬಿಟ್ಟರೆ ಕಳಚುತ್ತದೆ.

ಪರೀಕ್ಷೆಯ ಹೊತ್ತಿನಲ್ಲಿ ಸ್ಪೀಕರಿನ ಗಾಳಿಕೊಳವೆಗೆ ಸುತ್ತಿದ ಫೋಮ್ ತುರುಕಿಯೂ ನೋಡಿದ್ದೆ. ಕೊಳವೆ ಮುಚ್ಚಿದಾಗ ಓಲಾಟ ಖಂಡಿತ ಇಳಿಯುತ್ತದೆ, ಮಂದ್ರವೂ ತೆಳುವಾಗುತ್ತದೆ. ಫಿಲ್ಟರ್ ಸೇರಿದ ಮೇಲೆ ಅದರ ಅಗತ್ಯ ಉಳಿಯಲಿಲ್ಲ, ತೆಗೆದುಬಿಟ್ಟೆ.

ಈಗ ಎಂದಿನ ಮಟ್ಟದಲ್ಲಿ ಖಾಲಿ ಗೀರಿನ ಮೇಲೆ ಕೋನ್ ಅಲುಗುವುದು ಬೆರಳಿಟ್ಟರೂ ತಿಳಿಯುವುದಿಲ್ಲ. ಕೆಲಸ ಒಂದು ಬಾಕಿ ಇದೆ: ಬಿಚ್ಚಿಟ್ಟ ಮೃದು ತೂಗಿನ ಕಾರ್ಟ್ರಿಜ್‌ಗೆ ತಕ್ಕ ಆರ್ಮ್. ಅದಕ್ಕಾಗಿ 7 ಗ್ರಾಂನ ಹಗುರವಾದ ನೇರ ಆರ್ಮ್ ಒಂದನ್ನು ಆರಿಸಿದ್ದೇನೆ. ತಿರುಪುಗಳು ಅರ್ಧ ಗ್ರಾಂ ಎಂದು ಹಿಡಿದರೆ ಒಟ್ಟು 14 ಗ್ರಾಂ, 25ರ ಕಂಪ್ಲಯನ್ಸ್‌ನೊಂದಿಗೆ ಉತ್ತರ 8.5 ಹರ್ಟ್ಜ್. ಅದರ ಬೇರಿಂಗ್‌ಗಳನ್ನು ಶುಚಿ ಮಾಡಿ, ಒಳಗಿನ ಕೂದಲೆಳೆಯಂಥ ತಂತಿಗಳನ್ನು ಬದಲಿಸಿದ ಮೇಲೆ ಎರಡನೆಯ ಆರ್ಮ್‌ಬೋರ್ಡಿಗೆ ತೂತು ಕೊರೆಯಬೇಕು.